ಮದುವೆಯಾಗದೆ ಆರು ವರ್ಷ ಒಟ್ಟಿಗಿದ್ದೇವೆ, ಮನೆ ಅವರ ಹೆಸರಲ್ಲಿದೆ. ಕಾನೂನಿನಲ್ಲಿ ನನಗೆ ಏನಿದೆ?

ಹೊಂಗೆ_ನೆರಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳದೆ ಓದಿ.

ನಾನು ಮತ್ತು ನನ್ನ ಜೊತೆಗಾರ ಆರು ವರ್ಷದಿಂದ ಒಂದೇ ಮನೆಯಲ್ಲಿ ಇದ್ದೇವೆ. ಮದುವೆ ಆಗಿಲ್ಲ. ಅವರಿಗೆ ಹಿಂದೆ ಒಂದು ಮದುವೆಯಾಗಿ ಡಿವೋರ್ಸ್ ಆಗಿದೆ. ಮತ್ತೆ ಮದುವೆ ಎಂದರೆ ಅವರಿಗೆ ಭಯ, ನನಗೂ ಒತ್ತಾಯ ಮಾಡುವ ಮನಸ್ಸಿಲ್ಲ. ಚೆನ್ನಾಗಿಯೇ ಇದ್ದೇವೆ. ಜಗಳ ಆಗಿ ಕೇಳುತ್ತಿಲ್ಲ.

ಹೋದ ತಿಂಗಳು ಅವರು ಬೈಕಿನಿಂದ ಬಿದ್ದರು. ಕಾಲು ಮುರಿದಿತ್ತು, ತಲೆಗೂ ಪೆಟ್ಟಾಗಿತ್ತು, ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಯವರು ಒಂದು ಫಾರಂ ಕೊಟ್ಟರು. ಅದರಲ್ಲಿ 'ರೋಗಿಗೆ ನೀವು ಏನಾಗಬೇಕು' ಎಂದು ಒಂದು ಜಾಗ. ನಾನು ಪೆನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಕೊನೆಗೆ 'ಸ್ನೇಹಿತೆ' ಎಂದು ಬರೆದೆ. ಕೌಂಟರಿನಲ್ಲಿದ್ದವರು ಅದನ್ನು ನೋಡಿ, ಮನೆಯವರು ಯಾರೂ ಇಲ್ವಾ ಎಂದು ಕೇಳಿದರು. ಅವರ ಅಣ್ಣ ಬೇರೆ ಊರಿನಿಂದ ಬಂದು ಸೈನ್ ಹಾಕುವ ಹೊತ್ತಿಗೆ ಐದು ಗಂಟೆ ಆಗಿತ್ತು. ಆ ಐದು ಗಂಟೆ ಅವರ ವಾಚು, ಕನ್ನಡಕ ಇದ್ದ ಪ್ಲಾಸ್ಟಿಕ್ ಕವರ್ ತೊಡೆ ಮೇಲೆ ಇಟ್ಟುಕೊಂಡು ಹೊರಗೆ ಕೂತಿದ್ದೆ. ಈಗ ಅವರು ಹುಷಾರಾಗಿದ್ದಾರೆ. ನನಗೆ ಮಾತ್ರ ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ.

ಮನೆ ವಿಷಯ ಹೇಳುತ್ತೇನೆ. ಎರಡು ವರ್ಷ ನಾಲ್ಕು ತಿಂಗಳ ಹಿಂದೆ ಫ್ಲ್ಯಾಟ್ ತೆಗೆದುಕೊಂಡೆವು. ಆಗ ನಾನು ಕೆಲಸ ಬದಲಾಯಿಸಿದ್ದೆ, ಲೋನಿಗೆ ನನ್ನ ಹೆಸರು ಸೇರಿಸಿದರೆ ತಡವಾಗುತ್ತೆ ಎಂದು ಲೋನು, ಕ್ರಯಪತ್ರ ಎರಡೂ ಅವರೊಬ್ಬರ ಹೆಸರಲ್ಲೇ ಆಯಿತು. ಡೌನ್ ಪೇಮೆಂಟಿಗೆ ನನ್ನ ಖಾತೆಯಿಂದ ಅವರ ಖಾತೆಗೆ 8 ಲಕ್ಷ ಕಳಿಸಿದ್ದೆ. ಇಎಂಐ ಅವರು ಕಟ್ಟುತ್ತಾರೆ. ದಿನಸಿ, ಕರೆಂಟು, ಮೇಂಟೆನೆನ್ಸ್, ಕೆಲಸದವರ ಸಂಬಳ ಎಲ್ಲ ನನ್ನದು. ಅವರ ತಾಯಿ ಇದ್ದಾರೆ, ಒಬ್ಬ ಅಣ್ಣ. ಮಕ್ಕಳಿಲ್ಲ.

ಅವರಿಗೆ ಏನಾದರೂ ಆದರೆ ನಾನು ಈ ಮನೆಯಲ್ಲಿ ಇರಬಹುದಾ? ಆ 8 ಲಕ್ಷಕ್ಕೆ ಲೆಕ್ಕ ಇದೆಯಾ? ಇಷ್ಟು ವರ್ಷ ಒಟ್ಟಿಗಿದ್ದರೆ ಕಾನೂನಿನ ಪ್ರಕಾರ ತಾನಾಗಿಯೇ ಹೆಂಡತಿ ಎಂದು ಗೆಳತಿಯೊಬ್ಬಳು ಹೇಳುತ್ತಾಳೆ, ನಿಜವಾ? ಗೊತ್ತಿದ್ದವರು ಹೇಳಿ.

ಕರಿಕೋಟು:

ಮೇಡಂ, ನಾನು ವಕೀಲ, ಕುಟುಂಬ ಮತ್ತು ಆಸ್ತಿ ಕೇಸುಗಳನ್ನೇ ಜಾಸ್ತಿ ನೋಡುತ್ತೇನೆ. ನಿಮ್ಮ ಪ್ರಶ್ನೆ ಹೊತ್ತುಕೊಂಡು ಬರುವವರು ಸಾಮಾನ್ಯವಾಗಿ ತಡವಾಗಿ ಬರುತ್ತಾರೆ, ಒಬ್ಬರು ತೀರಿಹೋದ ಮೇಲೆ, ಇಲ್ಲ ಬೀಗ ಬದಲಾಯಿಸಿದ ಮೇಲೆ. ನೀವು ಸರಿಯಾದ ಹೊತ್ತಿನಲ್ಲಿ ಕೇಳಿದ್ದೀರಿ.

ಮೊದಲು ಭಯ ಬಿಡಿ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಒಟ್ಟಿಗಿರುವುದು ಅಪರಾಧ ಅಲ್ಲ. 2010ರಲ್ಲಿ ಖುಷ್ಬೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ.

ಹಾಗಂತ ಹೆಂಡತಿಗೆ ಇರುವ ಹಕ್ಕೆಲ್ಲ ನಿಮಗಿಲ್ಲ. ನಿಮಗೆ ದೊಡ್ಡ ಆಸರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ. ಅದರಲ್ಲಿ 'ಮದುವೆಯ ಸ್ವರೂಪದ ಸಂಬಂಧ' ಎಂಬ ಮಾತಿದೆ. ಹಾಗೆ ಬದುಕುತ್ತಿರುವ ಹೆಂಗಸಿಗೆ, ಮನೆ ಯಾರ ಹೆಸರಲ್ಲೇ ಇರಲಿ, ಆ ಮನೆಯಲ್ಲಿ ಇರುವ ಹಕ್ಕಿದೆ. ಸುಮ್ನೆ ಹೊರಗೆ ಹಾಕುವ ಹಾಗಿಲ್ಲ. ಹೊಡೆತ ಬಡಿತ ಮಾತ್ರ ಅಲ್ಲ, ದುಡ್ಡು ಕೊಡದೆ ಕಾಡುವುದು, ನಿಮ್ಮ ವಸ್ತು ಇಟ್ಟುಕೊಳ್ಳುವುದು, ಮನೆಯಿಂದ ಹೊರದಬ್ಬುವುದು, ಇದೆಲ್ಲ ದೌರ್ಜನ್ಯವೇ. ಮ್ಯಾಜಿಸ್ಟ್ರೇಟ್ ಹತ್ತಿರ ಅರ್ಜಿ ಹಾಕಿದರೆ ರಕ್ಷಣೆ ಆದೇಶ, ವಾಸದ ಆದೇಶ, ಖರ್ಚಿಗೆ ಹಣ, ಪರಿಹಾರ ಕೇಳಬಹುದು. 60 ದಿನದಲ್ಲಿ ಮುಗಿಸಲು ಪ್ರಯತ್ನ ಮಾಡಬೇಕು ಎಂದು ಕಾಯ್ದೆಯಲ್ಲೇ ಇದೆ. ನಿಜದಲ್ಲಿ ಜಾಸ್ತಿ ದಿನ ಹಿಡಿಯುತ್ತದೆ, ಆದರೆ ಮಧ್ಯಂತರ ಆದೇಶ ಬೇಗ ಸಿಗಬಹುದು.

ಯಾವ ಸಂಬಂಧ ಈ ಲೆಕ್ಕಕ್ಕೆ ಬರುತ್ತದೆ ಎಂದು 2010ರ ವೇಲುಸಾಮಿ ತೀರ್ಪು ಹೇಳುತ್ತದೆ. ಇಬ್ಬರೂ ಹೊರಗಿನವರ ಎದುರು ಗಂಡ ಹೆಂಡತಿಯ ಹಾಗೆ ನಡೆದುಕೊಂಡಿರಬೇಕು, ಮದುವೆಯ ವಯಸ್ಸಾಗಿರಬೇಕು, ಬೇಕೆಂದರೆ ಮದುವೆಯಾಗಲು ಕಾನೂನಿನ ಅಡ್ಡಿ ಇರಬಾರದು, ಸಾಕಷ್ಟು ಕಾಲ ಸ್ವಂತ ಇಷ್ಟದಿಂದ ಜೊತೆಗಿರಬೇಕು. ಬರೀ ಶನಿವಾರ ಭಾನುವಾರ ಒಟ್ಟಿಗೆ ಕಳೆದರೆ ಅದಕ್ಕೆ ಈ ಹೆಸರಿಲ್ಲ. 2013ರಲ್ಲಿ ಇಂದ್ರಾ ಶರ್ಮಾ ಪ್ರಕರಣದಲ್ಲಿ ಕೋರ್ಟು ಇನ್ನಷ್ಟು ಬಿಡಿಸಿ ಹೇಳಿತು: ಎಷ್ಟು ವರ್ಷ, ಒಂದೇ ಮನೆಯಾ, ಖರ್ಚು ಸೇರಿ ಮಾಡುತ್ತಿದ್ದರಾ, ಮಕ್ಕಳಿದ್ದಾರಾ, ನೆಂಟರಿಷ್ಟರ ನಡುವೆ ಹೇಗಿದ್ದರು, ಇವೆಲ್ಲ ನೋಡಬೇಕು ಅಂತ. ಆ ಕೇಸಿನಲ್ಲಿ ಗಂಡಸಿಗೆ ಮದುವೆಯಾಗಿದೆ ಎಂದು ಗೊತ್ತಿದ್ದೂ ವರ್ಷಗಟ್ಟಲೆ ಜೊತೆಗಿದ್ದ ಹೆಂಗಸಿಗೆ ಈ ಕಾಯ್ದೆಯ ರಕ್ಷಣೆ ಸಿಗಲಿಲ್ಲ. ನನಗೆ ಅದು ಈಗಲೂ ನೋವಿನ ತೀರ್ಪು, ಆದರೆ ಕಾನೂನು ಸದ್ಯಕ್ಕೆ ಅದೇ.

ಆದ್ದರಿಂದ ನನ್ನ ಮೊದಲ ಪ್ರಶ್ನೆ. ಅವರ ಡಿವೋರ್ಸ್ ಡಿಕ್ರಿ, ಅಂದರೆ ಕೋರ್ಟಿನ ಕೊನೆಯ ಆದೇಶ, ನೀವು ಕಣ್ಣಾರೆ ನೋಡಿದ್ದೀರಾ? 'ಡಿವೋರ್ಸ್ ಆಗಿದೆ' ಎಂದು ಹೇಳುವ ಎಷ್ಟೋ ಜನರ ಕೇಸು ಇನ್ನೂ ಕೋರ್ಟಿನಲ್ಲಿ ನಡೆಯುತ್ತಿರುತ್ತದೆ, ಇಲ್ಲ ಅಪೀಲಿನಲ್ಲಿರುತ್ತದೆ. ಡಿಕ್ರಿಯ ಸರ್ಟಿಫೈಡ್ ಕಾಪಿ ಒಂದು ತೆಗೆಸಿ ಮನೆಯಲ್ಲಿ ಇಟ್ಟುಕೊಳ್ಳಿ. ಅವರ ಮೇಲೆ ಅನುಮಾನ ಅಂತಲ್ಲ, ನಿಮ್ಮ ಹಕ್ಕು ನಿಂತಿರುವುದೇ ಆ ಕಾಗದದ ಮೇಲೆ.

ಈಗ ಅವರು ತೀರಿಕೊಂಡರೆ ಏನು ಎಂಬ ಮಾತು. ಅವರು ಹಿಂದೂ ಎಂದುಕೊಂಡು ಹೇಳುತ್ತೇನೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಲ್ ಇಲ್ಲದಿದ್ದರೆ ಹೆಂಡತಿ, ಮಕ್ಕಳು, ತಾಯಿ ಮೊದಲ ಸಾಲಿನ ವಾರಸುದಾರರು. ಇಲ್ಲಿ ಹೆಂಡತಿ, ಮಕ್ಕಳಿಲ್ಲ. ಮನೆ ಪೂರ್ತಿ ಅವರ ತಾಯಿಗೆ ಹೋಗುತ್ತದೆ. ಅಣ್ಣ ಎರಡನೇ ಸಾಲು. ನೀವು ಯಾವ ಸಾಲಿನಲ್ಲೂ ಇಲ್ಲ. ಆರು ವರ್ಷ ಆದರೂ ಅಷ್ಟೇ, ಹದಿನಾರಾದರೂ ಅಷ್ಟೇ.

ಇದಕ್ಕೆ ಔಷಧಿ ವಿಲ್. ಅವರ ಸ್ವಂತ ದುಡಿಮೆಯ ಆಸ್ತಿಯನ್ನು ಅವರು ಯಾರಿಗೆ ಬೇಕಾದರೂ ಬರೆಯಬಹುದು. ಇಬ್ಬರು ಸಾಕ್ಷಿ ಬೇಕು. ಬಿಳಿ ಹಾಳೆ ಸಾಕು, ಸ್ಟಾಂಪ್ ಪೇಪರ್ ಬೇಡ. ರಿಜಿಸ್ಟರ್ ಕಡ್ಡಾಯ ಅಲ್ಲ, ಆದರೆ ನಿಮ್ಮಂಥ ಸಂದರ್ಭದಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಮಾಡಿಸಿಬಿಡಿ, ನಾಳೆ ಯಾರಾದರೂ ತಕರಾರು ತೆಗೆದರೆ ಅದೊಂದು ಬಲ. ನೀವು ಸಾಕ್ಷಿ ಹಾಕಬೇಡಿ. ಸಾಲ ಬಾಕಿ ಇದ್ದರೆ ಮನೆಯ ಜೊತೆ ಸಾಲವೂ ನಿಮ್ಮ ತಲೆ ಮೇಲೆ ಬರುತ್ತದೆ ಎಂಬುದು ನೆನಪಿರಲಿ.

8 ಲಕ್ಷದ ಬಗ್ಗೆ ನನಗೆ ಇದಕ್ಕಿಂತ ಜಾಸ್ತಿ ಚಿಂತೆ. ಅದು ಸಾಲವಾ, ಗಿಫ್ಟಾ, ಮನೆಯಲ್ಲಿ ಪಾಲಾ, ಎಲ್ಲೂ ಬರೆದಿಲ್ಲ, ಅಲ್ವಾ? ಗಿಫ್ಟ್ ಎಂದರೆ ಆದಾಯ ತೆರಿಗೆಯವರ ಲೆಕ್ಕದಲ್ಲಿ ಸಂಗಾತಿ 'ಸಂಬಂಧಿ' ಅಲ್ಲ. ಸಂಬಂಧಿ ಅಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ದಾಟಿ ಬಂದರೆ ಪೂರ್ತಿ ಮೊತ್ತ ಪಡೆದವರ ಆದಾಯಕ್ಕೆ ಸೇರುತ್ತದೆ. ಮನೆಯಲ್ಲಿ ಪಾಲು ಎಂದರೆ, ಒಬ್ಬರ ದುಡ್ಡಲ್ಲಿ ಇನ್ನೊಬ್ಬರ ಹೆಸರಿಗೆ ಆಸ್ತಿ ಕೊಳ್ಳುವುದನ್ನು ತಡೆಯುವ ಬೇನಾಮಿ ಕಾಯ್ದೆ ಅಡ್ಡ ಬರುತ್ತದೆ. ಗಂಡ ತನ್ನ ದುಡ್ಡಲ್ಲಿ ಹೆಂಡತಿ ಹೆಸರಿಗೆ ಕೊಂಡರೆ, ಮಕ್ಕಳ ಹೆಸರಿಗೆ ಕೊಂಡರೆ ಅದಕ್ಕೆ ವಿನಾಯಿತಿ ಇದೆ. ಸಂಗಾತಿ ಆ ವಿನಾಯಿತಿಯಲ್ಲಿ ಇಲ್ಲ. 'ದುಡ್ಡು ನನ್ನದು, ಹೆಸರು ಮಾತ್ರ ಅವರದು' ಎಂದು ಕೋರ್ಟಿಗೆ ಹೋದರೆ ಆ ಮಾತೇ ನಿಮಗೆ ಮುಳುವಾಗಬಹುದು.

ಇಬ್ಬರ ನಡುವೆ ಅದು ಸಾಲ ಎಂದೇ ಮಾತಾಗಿದ್ದರೆ ದಾರಿ ಸುಲಭ. ಆದರೆ ಸಾಲ ವಸೂಲಿಗೆ ಕಾಲಮಿತಿ 3 ವರ್ಷ. ನಿಮ್ಮದು ಎರಡು ವರ್ಷ ನಾಲ್ಕು ತಿಂಗಳು ಆಯಿತು. ಮೂರು ವರ್ಷ ತುಂಬುವ ಮುಂಚೆ 'ಇಂಥ ದಿನ ಇಷ್ಟು ಹಣ ಸಾಲವಾಗಿ ಪಡೆದಿದ್ದೇನೆ, ಕೊಡುವುದು ಬಾಕಿ ಇದೆ' ಎಂದು ಅವರ ಕೈಯಿಂದ ಬರೆಸಿ ಸೈನ್ ಹಾಕಿಸಿಕೊಂಡರೆ ಆ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ನಿಜವಾಗಿ ಸಾಲ ಆಗಿದ್ದರೆ ಮಾತ್ರ ಹಾಗೆ ಬರೆಯಿರಿ, ಸುಳ್ಳು ಕಾಗದ ಬೇಡ.

ದಡದ_ಮರ:

ಕರಿಕೋಟು ಸರ್ ಹೇಳಿದ್ದರಲ್ಲಿ ಒಂದಕ್ಕೆ ನನ್ನ ಅನುಭವ ಸೇರಿಸುತ್ತೇನೆ. ಓದಲು ಕಷ್ಟ ಆಗಬಹುದು ಅಕ್ಕ, ಆದರೂ ಹೇಳಬೇಕು.

ನಾನು ಮತ್ತು ಅವಳು ಒಂಬತ್ತು ವರ್ಷ ಜೊತೆಗಿದ್ದೆವು. 2019ರಲ್ಲಿ ಅವಳು ಕಾಯಿಲೆಯಿಂದ ಹೋದಳು. ವಿಲ್ ಬರೆಯುವ ವಯಸ್ಸಾ ನಮ್ಮದು ಎಂದು ಇಬ್ಬರೂ ಸುಮ್ಮನಿದ್ದೆವು. ಬ್ಯಾಂಕಿನ ಡೆಪಾಸಿಟ್ಟಿಗೆ ನಾನೇ ನಾಮಿನಿ. ಅಷ್ಟಿದ್ದರೆ ಸಾಕು ಎಂದುಕೊಂಡಿದ್ದೆ. ಬ್ಯಾಂಕಿನವರು ಹಣ ಕೊಟ್ಟರು ಕೂಡ. ನಾಲ್ಕು ತಿಂಗಳಾದ ಮೇಲೆ ಅವಳ ಮನೆಯವರ ವಕೀಲರ ನೋಟಿಸ್ ಬಂತು. ಆಗ ಗೊತ್ತಾಯಿತು, ನಾಮಿನಿ ಎಂದರೆ ಹಣ ಎತ್ತಿಕೊಳ್ಳುವ ಕೈ ಅಷ್ಟೇ, ಒಡೆಯ ಅಲ್ಲ. ವಾರಸುದಾರರು ಕೇಳಿದರೆ ಕೊಡಬೇಕು. ಷೇರುಗಳ ವಿಷಯದಲ್ಲೂ ನಾಮಿನಿ ಒಡೆಯನಾಗುವುದಿಲ್ಲ ಎಂದು 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾನು ಜಗಳ ಆಡಲಿಲ್ಲ, ವಾಪಸ್ ಕೊಟ್ಟೆ.

ಪಿಎಫ್ ಕಥೆ ಬೇರೆ. ಅಲ್ಲೂ ನನ್ನ ಹೆಸರು ಬರೆದಿದ್ದಳು. ಆದರೆ ಪಿಎಫ್ ನಿಯಮದಲ್ಲಿ 'ಕುಟುಂಬ' ಎಂದು ಒಂದು ಪಟ್ಟಿ ಇದೆ. ಆ ಪಟ್ಟಿಯವರು ಯಾರಾದರೂ ಇದ್ದರೆ ಅವರನ್ನು ಬಿಟ್ಟು ಹೊರಗಿನವರ ಹೆಸರು ಬರೆದರೆ ನಡೆಯುವುದಿಲ್ಲ. ಅವಳನ್ನೇ ನಂಬಿಕೊಂಡಿದ್ದ ತಾಯಿ ಇದ್ದರು, ಹಾಗಾಗಿ ನನ್ನ ಹೆಸರು ಬಿದ್ದುಹೋಯಿತು. ತಾಯಿಗೆ ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಅವಳು ನನ್ನ ಹೆಸರು ಬರೆದು ನಿಶ್ಚಿಂತೆಯಾಗಿದ್ದಳಲ್ಲ, ಅದು ನೆನಪಾದರೆ ಈಗಲೂ ಸಂಕಟ.

ಮತ್ತೆ ಬೀರು. ಬಾಡಿಗೆ ಮನೆ, ಕರಾರು ಅವಳೊಬ್ಬಳ ಹೆಸರಲ್ಲಿ. ಅವಳ ಅಣ್ಣಂದಿರು ಬಂದು ಬೀರುವಿನ ಕೀ ಕೇಳಿದರು. ನನ್ನ ಸರ್ಟಿಫಿಕೇಟುಗಳೂ ಅದರಲ್ಲೇ ಇದ್ದವು. ಯಾವುದು ನನ್ನದು ಎಂದು ಒಂದೊಂದಾಗಿ ಎತ್ತಿ ತೋರಿಸಿ ತೆಗೆದುಕೊಳ್ಳಬೇಕಾಯಿತು. ನಾನೇ ಕೊಂಡ ಫ್ರಿಜ್ಜಿನ ಬಿಲ್ಲು ಸಿಗಲಿಲ್ಲ, ಬಿಟ್ಟುಬಂದೆ.

ದಯವಿಟ್ಟು ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಹಾಕಿಸಿ. ದೊಡ್ಡ ಸಾಮಾನಿನ ಬಿಲ್ಲು ಇಟ್ಟುಕೊಳ್ಳಿ. ಇಬ್ಬರೂ ವಿಲ್ ಬರೆಯಿರಿ, ಅವರು ಮಾತ್ರ ಅಲ್ಲ, ನೀವೂ.

ಪಡುವಣ_ಗಾಳಿ:

'ಇಷ್ಟು ವರ್ಷ ಒಟ್ಟಿಗಿದ್ದರೆ ತಾನಾಗಿಯೇ ಮದುವೆ' ಎಂಬುದು ಎಲ್ಲ ಕಡೆ ಓಡಾಡುವ ಮಾತು. ನಾನಿರುವ ಇಂಗ್ಲೆಂಡಿನಲ್ಲೂ ಜನ ಹಾಗೇ ನಂಬಿದ್ದಾರೆ, ಇಲ್ಲಿಯೂ ಅಂಥ ಕಾನೂನಿಲ್ಲ. ಪಕ್ಕದ ಸ್ಕಾಟ್ಲೆಂಡಿನಲ್ಲಿ 2006ರ ಕಾಯ್ದೆ ಬೇರೆಯಾಗುವಾಗ ಸ್ವಲ್ಪ ಹಕ್ಕು ಕೊಡುತ್ತದೆ. ಫ್ರಾನ್ಸಿನಲ್ಲಿ 1999ರಿಂದ ಮದುವೆಯಾಗದೆಯೇ ಒಪ್ಪಂದ ನೋಂದಾಯಿಸುವ ದಾರಿ ಇದೆ.

ಭಾರತದಲ್ಲಿ ಈ ಮಾತು ಹುಟ್ಟಿದ್ದು ಹೇಗೆಂದರೆ, 1978ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಸುಮಾರು 50 ವರ್ಷ ಗಂಡ ಹೆಂಡತಿಯಾಗಿ ಬಾಳಿದ ಜೋಡಿಯ ಪ್ರಶ್ನೆ ಬಂತು. ಮದುವೆ ಶಾಸ್ತ್ರಕ್ಕೆ ಸಾಕ್ಷಿ ಹೇಳುವವರು ಅರ್ಧ ಶತಮಾನದ ಮೇಲೆ ಎಲ್ಲಿಂದ ಸಿಗಬೇಕು? ಅಷ್ಟು ಕಾಲ ಹಾಗೆ ಬದುಕಿದವರನ್ನು ಮದುವೆಯಾದವರೆಂದೇ ಭಾವಿಸಬೇಕು, ಇಲ್ಲ ಎನ್ನುವವರು ಅದನ್ನು ಸಾಬೀತು ಮಾಡಲಿ ಎಂದಿತು ಕೋರ್ಟು. ಅಂದರೆ ಅದು ಸಾಕ್ಷ್ಯದ ನಿಯಮ. ಐದು ವರ್ಷ, ಹತ್ತು ವರ್ಷ ಎಂಬ ಲೆಕ್ಕ ಯಾವ ಕಾಯ್ದೆಯಲ್ಲೂ ಇಲ್ಲ. ನೀವಿಬ್ಬರೂ 'ನಾವು ಮದುವೆ ಆಗಿಲ್ಲ' ಎಂದು ಎಲ್ಲರಿಗೂ ಹೇಳಿಕೊಂಡೇ ಬಂದಿದ್ದರೆ ಹಾಗೆ ಮದುವೆಯಾದವರೆಂದು ಭಾವಿಸಲು ಜಾಗವೇ ಇಲ್ಲ.

ಇನ್ನೊಂದು. ನಿಮ್ಮಲ್ಲಿ ಯಾರಾದರೂ ಉತ್ತರಾಖಂಡದವರಾದರೆ ಕಥೆ ಬೇರೆ. ಅಲ್ಲಿ 2025ರ ಜನವರಿ 27ರಿಂದ ಏಕರೂಪ ನಾಗರಿಕ ಸಂಹಿತೆ ಜಾರಿಗೆ ಬಂದಿದೆ. ಲಿವ್-ಇನ್ ಸಂಬಂಧವನ್ನು ನೋಂದಾಯಿಸಬೇಕು, ಮಾಡದಿದ್ದರೆ ಶಿಕ್ಷೆ ಇದೆ. ಬಿಟ್ಟುಹೋದ ಗಂಡಸಿನಿಂದ ಹೆಂಗಸು ಜೀವನಾಂಶ ಕೇಳಬಹುದು ಎಂದೂ ಅದರಲ್ಲಿದೆ. ಜೀವನಾಂಶದ ಮಾತು ನನಗೆ ಒಪ್ಪಿಗೆ. ಇಬ್ಬರು ವಯಸ್ಕರು ಒಂದೇ ಮನೆಯಲ್ಲಿ ಇರುವುದಕ್ಕೆ ಸರ್ಕಾರಕ್ಕೆ ಅರ್ಜಿ ಕೊಡಬೇಕು ಎಂಬುದನ್ನು ಮಾತ್ರ ನಾನು ಒಪ್ಪಲಾರೆ.

ನೇರ_ಮಾತು:

ತಪ್ಪು ತಿಳಿಯಬೇಡಿ ಮೇಡಂ. ಇಷ್ಟೆಲ್ಲ ಕಾಗದ ಮಾಡಿಸುವ ಬದಲು ರಿಜಿಸ್ಟರ್ ಮದುವೆ ಆಗಿಬಿಡಬಾರದಾ? ವಿಶೇಷ ವಿವಾಹ ಕಾಯ್ದೆಯಲ್ಲಿ ನೋಟಿಸ್ ಕೊಟ್ಟು 30 ದಿನ ಕಾದರೆ ಮೂರು ಸಾಕ್ಷಿಗಳ ಮುಂದೆ ಸೈನ್, ಮುಗಿಯಿತು. ಶಾಸ್ತ್ರ ಬೇಡ, ಊಟ ಬೇಡ. ಮನೆ, ಪಿಎಫ್, ಆಸ್ಪತ್ರೆ, ಎಲ್ಲ ಒಂದೇ ಏಟಿಗೆ ಸರಿಹೋಗುತ್ತದೆ.

ಮತ್ತೆ ಗಂಡಸರಿಗೆ ಏನು ರಕ್ಷಣೆ ಇದೆ ಎಂದು ಯಾರೂ ಹೇಳಲಿಲ್ಲ. ಬೇರೆಯಾದ ಮೇಲೆ 'ಮದುವೆ ಆಗುತ್ತೇನೆ ಎಂದು ನಂಬಿಸಿದ' ಎಂದು ಕೇಸು ಹಾಕುವುದೂ ಇದೆಯಲ್ಲ?

ಹೊಂಗೆ_ನೆರಳು:

ನೇರ ಮಾತು ಅವರೇ, ತಪ್ಪು ತಿಳಿದಿಲ್ಲ. ಅಮ್ಮನೂ ಇದನ್ನೇ ಹೇಳುತ್ತಾರೆ. ಆದರೆ ನನ್ನ ಜೊತೆಗಾರರು ಮೊದಲ ಮದುವೆ ಮುರಿಯಲು ಐದು ವರ್ಷ ಕೋರ್ಟಿಗೆ ಅಲೆದಿದ್ದಾರೆ. ತಾರೀಖಿನ ಹಿಂದಿನ ರಾತ್ರಿ ಅವರು ನಿದ್ದೆ ಮಾಡುತ್ತಿರಲಿಲ್ಲವಂತೆ. ಮದುವೆ ಎಂಬ ಮಾತು ಬಂದರೆ ಈಗಲೂ ಮುಖ ಬಾಡುತ್ತದೆ. ನನ್ನ ನೆಮ್ಮದಿಗಾಗಿ ಅವರನ್ನು ಅಲ್ಲಿಗೆ ಮತ್ತೆ ಎಳೆಯಲು ನನಗೆ ಇಷ್ಟ ಇಲ್ಲ. ನಾಳೆ ಅವರಿಗೇ ಮನಸ್ಸಾದರೆ ಬೇರೆ ಮಾತು.

ಕರಿಕೋಟು ಸರ್, 8 ಲಕ್ಷ ಕಳಿಸಿದ ದಿನ ಅವರು ವಾಟ್ಸಾಪಿನಲ್ಲಿ 'ನಿನ್ನ ದುಡ್ಡು ಎರಡು ಮೂರು ವರ್ಷದಲ್ಲಿ ತೀರಿಸುತ್ತೇನೆ' ಎಂದು ಬರೆದಿದ್ದರು. ಅದು ಇನ್ನೂ ಇದೆ. ಡಿಕ್ರಿ ನಾನು ನೋಡಿಲ್ಲ, ಕೇಳುತ್ತೇನೆ. ಆಸ್ಪತ್ರೆಯ ಬಗ್ಗೆ ದಯವಿಟ್ಟು ಹೇಳಿ.

ಕರಿಕೋಟು:

ಆ ಮೆಸೇಜು ಅಳಿಸಬೇಡಿ, ಸ್ಕ್ರೀನ್‌ಶಾಟ್ ಮಾತ್ರ ತೆಗೆದು ಫೋನು ಮಾರಿಬಿಡಬೇಡಿ. ಮೂಲ ಫೋನಿನಲ್ಲಿ ಇರಲಿ. ಅದು ಸಾಲ ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಆದರೂ ಹಾಳೆಯ ಮೇಲೆ ಬರೆಸಿಕೊಳ್ಳಿ.

ಆಸ್ಪತ್ರೆ. ರೋಗಿಗೆ ಪ್ರಜ್ಞೆ ಇದ್ದರೆ ಅವರ ಒಪ್ಪಿಗೆಯೇ ಒಪ್ಪಿಗೆ, ಬೇರೆ ಯಾರ ಸೈನೂ ಬೇಡ. ಜೀವಕ್ಕೆ ಅಪಾಯ ಇದ್ದಾಗ ಯಾರ ಸೈನಿಗೂ ಕಾಯದೆ ಚಿಕಿತ್ಸೆ ಕೊಡುವುದು ಡಾಕ್ಟರ ಕರ್ತವ್ಯ, ಬೇರೆ ವಿಧಿವಿಧಾನಕ್ಕಿಂತ ಜೀವ ಉಳಿಸುವುದೇ ಮೊದಲು ಎಂದು 1989ರ ಪರಮಾನಂದ ಕಟಾರಾ ತೀರ್ಪು ಹೇಳುತ್ತದೆ. ಕಷ್ಟ ಬರುವುದು ಇವೆರಡರ ನಡುವೆ, ನಿಮಗೆ ಆದ ಹಾಗೆ. ಅದಕ್ಕೆ ಪೂರ್ತಿ ಪರಿಹಾರ ಕಾನೂನಿನಲ್ಲಿ ಇಲ್ಲ. ಆದರೆ ಅವರು ಹುಷಾರಿದ್ದಾಗಲೇ 'ನನಗೆ ಪ್ರಜ್ಞೆ ಇಲ್ಲದಿದ್ದರೆ ಇವರ ಜೊತೆ ಮಾತಾಡಿ, ಇವರಿಗೆ ಮಾಹಿತಿ ಕೊಡಿ' ಎಂದು ಒಂದು ಪತ್ರ ಬರೆದು ನೋಟರಿ ಮಾಡಿಸಿಟ್ಟರೆ ಬಹಳಷ್ಟು ಕಡೆ ಒಪ್ಪುತ್ತಾರೆ. ಕೊನೆಗಾಲದ ಚಿಕಿತ್ಸೆ ಬೇಕೋ ಬೇಡವೋ ಎಂಬುದಕ್ಕೆ ಮುಂಗಡ ನಿರ್ದೇಶನ ಎಂದು ಬೇರೆಯೇ ಕಾಗದ ಇದೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸುಲಭ ಮಾಡಿತು, ಈಗ ಇಬ್ಬರು ಸಾಕ್ಷಿಗಳ ಮುಂದೆ ಸೈನ್ ಮಾಡಿ ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಿದರೆ ಸಾಕು.

ನೇರ ಮಾತು ಅವರಿಗೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಅರ್ಜಿ ಹಾಕಲು ಹೆಂಗಸಿಗೆ ಮಾತ್ರ ಅವಕಾಶ. ಹೊಡೆತ, ಬೆದರಿಕೆ, ಮೋಸಕ್ಕೆ ಸಾಮಾನ್ಯ ಕ್ರಿಮಿನಲ್ ಕಾನೂನು ಗಂಡಸಿಗೂ ಇದೆ, ಕೊಟ್ಟ ದುಡ್ಡಿಗೆ ಸಿವಿಲ್ ಕೋರ್ಟು ಇದೆ. ನೀವು ಹೇಳಿದ ಕೇಸು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 69ನೇ ಸೆಕ್ಷನ್. ಮದುವೆಯಾಗುವ ಉದ್ದೇಶವೇ ಇಲ್ಲದೆ ಮಾತು ಕೊಟ್ಟು ದೈಹಿಕ ಸಂಬಂಧ ಬೆಳೆಸಿದರೆ 10 ವರ್ಷದವರೆಗೂ ಶಿಕ್ಷೆ. ಮನಸ್ಸಿದ್ದು ಆಮೇಲೆ ಸಂಬಂಧ ಮುರಿದರೆ ಅದು ಅಪರಾಧ ಅಲ್ಲ ಎಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಆದ್ದರಿಂದ ಮದುವೆ ಆಗುವ ಯೋಚನೆ ಇಲ್ಲದಿದ್ದರೆ ಅದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿ. ಒಟ್ಟಿಗಿರುವುದರಲ್ಲಿ ಜವಾಬ್ದಾರಿ ಎಂದರೆ ನನ್ನ ಪ್ರಕಾರ ಮೊದಲನೆಯದು ಇದೇ.

ಇನ್ನೊಂದು ಸಮಾಧಾನದ ಮಾತೂ ಇದೆ. ವಿಲ್ಲಿನಲ್ಲಿ ಮನೆಯ ಜೊತೆ ಬರುವ ಸಾಲ ಬಿಟ್ಟರೆ ಜೊತೆಗಾರ ಮಾಡಿದ ಸಾಲ ನಿಮ್ಮದಾಗುವುದಿಲ್ಲ, ನೀವು ಜಾಮೀನು ಹಾಕದಿದ್ದರೆ, ಜಂಟಿ ಸಾಲಗಾರರಾಗದಿದ್ದರೆ.

ತೊಟ್ಟಿಲು:

ಅಕ್ಕ, ನಿಮಗೆ ಮಕ್ಕಳಿಲ್ಲ ಎಂದಿರಿ. ಮುಂದೆ ಯೋಚನೆ ಇದ್ದರೆ ಇದನ್ನೂ ಓದಿ. ನನಗೆ ನಾಲ್ಕು ವರ್ಷದ ಮಗಳಿದ್ದಾಳೆ, ಮದುವೆಯಾಗದೆ ಹುಟ್ಟಿದವಳು.

ನಮ್ಮ ಸಂಬಂಧಕ್ಕಿಂತ ಮಗುವಿನ ಹಕ್ಕು ಗಟ್ಟಿ. ಅಪ್ಪ ಅಮ್ಮ ಮದುವೆಯಾಗಲಿ ಬಿಡಲಿ, ಮಗು ತಂದೆಯಿಂದ ಜೀವನಾಂಶ ಕೇಳಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಎನ್ನುತ್ತಿದ್ದರು, ಈಗ ಅದರ ಬದಲು ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ 144. ಹಿಂದೂಗಳಲ್ಲಿ ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ತಾಯಿಯೇ ಮೊದಲ ಪೋಷಕಿ, ಆಮೇಲೆ ತಂದೆ. 2015ರಲ್ಲಿ ಸುಪ್ರೀಂ ಕೋರ್ಟ್ ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಪೋಷಕಿಯಾಗಬಹುದು, ಮಗುವಿಗೆ ಜನನ ಪ್ರಮಾಣಪತ್ರ ಕೊಡಬೇಕು ಎಂದಿತು. ಆ ತೀರ್ಪಿನ ಪ್ರತಿಯನ್ನು ನಾನು ಪ್ರಿಂಟ್ ಹಾಕಿಸಿ ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ. ಶಾಲೆಗೆ ಸೇರಿಸುವಾಗ ಒಮ್ಮೆ ಆಫೀಸಿನ ಮೇಜಿನ ಮೇಲೆ ಇಟ್ಟೆ, ಅವರು ಎರಡು ಪುಟ ಓದಿ ಅರ್ಜಿ ತೆಗೆದುಕೊಂಡರು.

ಆಸ್ತಿಯ ವಿಷಯ ಅಷ್ಟು ಸಲೀಸಲ್ಲ. 2023ರ ಸೆಪ್ಟೆಂಬರ್ 1ರಂದು ಬಂದ ರೇವಣಸಿದ್ದಪ್ಪ ತೀರ್ಪು, ನಮ್ಮ ಕರ್ನಾಟಕದಿಂದಲೇ ಹೋದ ಕೇಸು, ಅಸಿಂಧುವಾದ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ ತಂದೆ ತಾಯಿಯ ಪಾಲಿನಲ್ಲಿ ಹಕ್ಕಿದೆ ಎಂದಿತು, ಕೂಡು ಕುಟುಂಬದ ಆಸ್ತಿಯಲ್ಲಿ ಅವರ ಪಾಲಿಗೆ ಬರುವುದೂ ಸೇರಿ. ಎಲ್ಲರೂ ಇದನ್ನು ಲಿವ್-ಇನ್ ಮಕ್ಕಳಿಗೆ ಎಂದು ಹಂಚಿಕೊಂಡರು. ಆದರೆ ಅದು ಮದುವೆ ಎಂಬುದೊಂದು ನಡೆದು ಕಾನೂನಿನಲ್ಲಿ ನಿಲ್ಲದೆ ಹೋದವರ ಮಕ್ಕಳ ಬಗ್ಗೆ. ಮದುವೆಯೇ ನಡೆಯದಿದ್ದರೆ, ದೀರ್ಘಕಾಲ ಗಂಡ ಹೆಂಡತಿಯಂತೆ ಬಾಳಿದ್ದನ್ನು ತೋರಿಸಿ ವಾದ ಮಾಡಬೇಕು. ನನ್ನ ಮಗಳ ತಂದೆ ಅದಕ್ಕೇ ವಿಲ್ ಬರೆದಿದ್ದಾರೆ. ಅವಳು ಹುಟ್ಟಿದ ಹನ್ನೊಂದನೇ ದಿನ, ನನಗೆ ಇನ್ನೂ ಸರಿಯಾಗಿ ಎದ್ದು ಕೂರಲು ಆಗುತ್ತಿರಲಿಲ್ಲ, ಅವರು ಸಾಕ್ಷಿಗಳನ್ನು ಮನೆಗೇ ಕರೆಸಿದ್ದರು.

ದತ್ತು ಯೋಚನೆ ಇದ್ದರೆ, ಮದುವೆಯಾಗದ ಇಬ್ಬರು ಸೇರಿ ತೆಗೆದುಕೊಳ್ಳಲು ಆಗುವುದಿಲ್ಲ. ದಂಪತಿಗೆ ಎರಡು ವರ್ಷದ ಸ್ಥಿರ ದಾಂಪತ್ಯ ಬೇಕು.

ಎರಡು_ಚಪ್ಪಲಿ:

ನಾವಿಬ್ಬರೂ ಗಂಡಸರು. ನೇರ ಮಾತು ಅವರ 'ಮದುವೆ ಆಗಿಬಿಡಿ' ನಮಗೆ ಇಲ್ಲವೇ ಇಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕು ಕೊಡಲಿಲ್ಲ. ಹಾಗಾಗಿ ಮೇಲೆ ಹೇಳಿದ ಪ್ರತಿ ಕಾಗದವನ್ನೂ ನಾವು ಮಾಡಿಸಿದ್ದೇವೆ: ವಿಲ್, ಬಾಡಿಗೆ ಕರಾರು, ಆಸ್ಪತ್ರೆ ಪತ್ರ. ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ನಮ್ಮಂಥವರಿಗೆ ಅಡ್ಡಿ ಇಲ್ಲ ಎಂದು 2024ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿದೆ. ಖಾತೆ ತೆರೆಯುವಾಗ 'ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು' ಎಂಬ ಷರತ್ತು ಹಾಕಿಸಿ. ಒಬ್ಬರು ಆಸ್ಪತ್ರೆಯಲ್ಲಿದ್ದರೆ ಇನ್ನೊಬ್ಬರು ಹಣ ತೆಗೆಯಬಹುದು.

ಹೊಂಗೆ_ನೆರಳು:

ಹದಿನೆಂಟು ದಿನ ಆಯಿತು, ಏನಾಯಿತು ಎಂದು ಹೇಳಲು ಬಂದೆ.

ದಡದ ಮರ ಅವರು ಬರೆದದ್ದನ್ನು ನನ್ನ ಜೊತೆಗಾರರಿಗೆ ಓದಿ ಹೇಳಿದೆ. ಕಾಲಿಗೆ ಇನ್ನೂ ಪಟ್ಟಿ, ಕುರ್ಚಿಯ ಮೇಲೆ ಕಾಲು ಇಟ್ಟುಕೊಂಡು ಕೂತಿದ್ದರು. ಬೀರುವಿನ ಕೀ ವಿಷಯಕ್ಕೆ ಬಂದಾಗ ಸಾಕು ನಿಲ್ಲಿಸು ಎಂದರು. ಮರುದಿನ ಬೆಳಿಗ್ಗೆ ತಾವೇ ಹಾಳೆ ಕೇಳಿ, ಸಾಲದ ಪತ್ರ ಕೈಯಲ್ಲೇ ಬರೆದರು, ಕಳಿಸಿದ ತಾರೀಖು, ಮೊತ್ತ, ಬಾಕಿ ಎಲ್ಲ ಹಾಕಿ. ಡಿಕ್ರಿ ಅವರ ಹತ್ತಿರವೇ ಇತ್ತು, ಹಳೆಯ ಸೂಟ್‌ಕೇಸಿನಲ್ಲಿ. ಅಪೀಲು ಯಾರೂ ಹಾಕಿಲ್ಲ ಎಂದು ಅವರ ಹಳೆಯ ವಕೀಲರಿಂದ ಕೇಳಿ ಖಚಿತ ಮಾಡಿಕೊಂಡರು. ವಿಲ್ ಬರೆಯುವ ಮೊದಲು ತಾಯಿಗೆ ಹೇಳಬೇಕು ಎಂದರು. ನನಗೆ ಎದೆ ಹೊಡೆದುಕೊಂಡಿತು. ಅವರ ತಾಯಿ ಫೋನಿನಲ್ಲಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ, ಆಮೇಲೆ 'ಆ ಮನೆ ಆ ಹುಡುಗಿಯದೇ, ನನಗ್ಯಾಕೆ' ಎಂದರು. ವಿಲ್ಲಿನಲ್ಲಿ ಮನೆ ನನಗೆ, ಅವರ ಡೆಪಾಸಿಟ್ಟುಗಳು ತಾಯಿಗೆ. ನನ್ನ ವಿಲ್ಲೂ ಆಯಿತು. ಎರಡನ್ನೂ ಮುಂದಿನ ಬುಧವಾರ ರಿಜಿಸ್ಟರ್ ಮಾಡಿಸುತ್ತೇವೆ.

ಕ್ರಯಪತ್ರಕ್ಕೆ ನನ್ನ ಹೆಸರು ಸೇರಿಸುವುದನ್ನು ಮಾತ್ರ ಬಿಟ್ಟಿದ್ದೇವೆ. ಬ್ಯಾಂಕಿನ ಒಪ್ಪಿಗೆ ಬೇಕು, ಮನೆಯವರಿಗೆ ಕೊಡುವ ದಾನಪತ್ರಕ್ಕೆ ಇರುವ ಸ್ಟಾಂಪ್ ಡ್ಯೂಟಿ ರಿಯಾಯಿತಿ ನನಗೆ ಸಿಗುವುದಿಲ್ಲವಂತೆ. ಸರ್, ಸರಿ ತಾನೇ?

ಕರಿಕೋಟು:

ಸರಿ. ಲೋನು ತೀರಿದ ಮೇಲೆ ಅದರ ಯೋಚನೆ ಮಾಡಿ.

ಬುಧವಾರ ಹೋಗುವಾಗ ಇಬ್ಬರೂ ಗುರುತಿನ ಚೀಟಿಯ ಮೂಲ ಪ್ರತಿ ಒಯ್ಯಿರಿ, ಸಾಕ್ಷಿಗಳಿಗೂ ಹೇಳಿ. ಸಾಕ್ಷಿಗಳು ನಿಮ್ಮಿಬ್ಬರಿಗಿಂತ ಚಿಕ್ಕ ವಯಸ್ಸಿನವರಾದರೆ ಒಳ್ಳೆಯದು, ಮುಂದೆ ಎಂದಾದರೂ ಕೋರ್ಟಿನಲ್ಲಿ ಬಂದು ಹೇಳಬೇಕಾಗಬಹುದು. ಮೂಲ ವಿಲ್ ಎಲ್ಲಿಟ್ಟಿದ್ದೀರಿ ಎಂದು ಒಬ್ಬರಿಗಾದರೂ ಗೊತ್ತಿರಲಿ. ಸಾಲದ ಪತ್ರದ ತಾರೀಖಿನಿಂದ ಎರಡೂವರೆ ವರ್ಷಕ್ಕೆ ಫೋನಿನಲ್ಲಿ ಒಂದು ಅಲಾರಾಂ ಇಟ್ಟುಕೊಳ್ಳಿ, ಬಾಕಿ ಉಳಿದಿದ್ದರೆ ಆಗ ಮತ್ತೊಮ್ಮೆ ಬರೆಸಿಕೊಳ್ಳಿ.

ಮತ್ತೆ, ಓದುತ್ತಿರುವ ಬೇರೆ ಹೆಣ್ಣುಮಕ್ಕಳಿಗೆ: ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಸುಮ್ಮನಿರಬೇಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಫೋನ್ 15100. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ 181.